ಅತ್ತಿಗೆ ಮಲಗಿದ್ದ ದಿನಗಳು

ಇವತ್ತು ಬೆಳಗ್ಗೆ ಬೀದಿಯಲ್ಲಿ ಅವರೆಕಾಯಿಯ ಗಾಡಿ ಬಂತು. ಸೊಗಡು ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ಅಡಿಗೆಯಲ್ಲ, ಮಂಚ. ನಗಬೇಡಿ. ನಮ್ಮ ಹಲಸೂರಿನ ಮನೆಯಲ್ಲಿ ಎರಡು ಚಳಿಗಾಲ ಅವರೆಕಾಳು ಹಿಚುಕಿದ್ದು ಮಂಚದ ಮೇಲೆಯೇ. ಹಿಚುಕಿದವಳು ನಮ್ಮಣ್ಣನ ಹೆಂಡತಿ ನಂಜಮ್ಮ, ನನ್ನ ಅತ್ತಿಗೆ.

ಯುದ್ಧದ ಕಾಲ ಅದು. ಅಣ್ಣನಿಗೆ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ನೀರು ಸೇದುವಾಗ ಬೆನ್ನು ಹಿಡಿದುಕೊಂಡು ಕೂತ ಅತ್ತಿಗೆ ಮತ್ತೆ ಸರಿಯಾಗಿ ಏಳಲಿಲ್ಲ. ದಂಡಿನ ಆಸ್ಪತ್ರೆಯ ಡಾಕ್ಟರು ಬೆನ್ನುಮೂಳೆಗೆ ಕ್ಷಯ ತಗುಲಿದೆ ಎಂದರು. ಕುತ್ತಿಗೆಯಿಂದ ಸೊಂಟದವರೆಗೆ ಪ್ಲಾಸ್ಟರಿನ ಗಟ್ಟಿ ಪಟ್ಟು ಹಾಕಿ, ಅಂಗಾತ ಮಲಗಿಸಿ, ಏಳುವಂತಿಲ್ಲ, ಹೊರಳುವಂತಿಲ್ಲ ಎಂದು ಮನೆಗೆ ಕಳಿಸಿದರು. ಎಷ್ಟು ದಿನ ಎಂದು ಅಣ್ಣ ಕೇಳಿದ್ದಕ್ಕೆ, ಮೂಳೆ ಹೇಳಿದಷ್ಟು ದಿನ ಎಂದರಂತೆ.

ನಡುಮನೆಯಲ್ಲಿ ಮಂಚ ಹಾಕಿದೆವು. ಅಲ್ಲಿಂದ ಕಿಟಕಿಯಾಚೆ ಸೋಮೇಶ್ವರನ ಗೋಪುರದ ತುದಿ ಕಾಣುತ್ತಿತ್ತು. ಗುಡಿಯ ಗಂಟೆ ಕೇಳಿದಾಗಲೆಲ್ಲ ಅತ್ತಿಗೆ ಮಲಗಿದ್ದಲ್ಲೇ ಕೈ ಮುಗಿಯುತ್ತಿದ್ದಳು. ಹದಿನೈದರ ಹುಡುಗಿ ನಾನು, ನನ್ನದೂ ಒಂದು ಹರಕೆ ಇರಲಿ ಎಂದು ಅವಳು ಏಳುವವರೆಗೆ ಒಬ್ಬಟ್ಟು ತಿನ್ನುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟೆ. ರೇಷನ್ನಿನ ದಿನಗಳು, ಒಬ್ಬಟ್ಟು ಸಿಗುತ್ತಲೂ ಇರಲಿಲ್ಲ. ಸಿಗದ್ದನ್ನು ಬಿಡುವುದರಲ್ಲಿ ನಾನು ಆಗಿನಿಂದಲೂ ಗಟ್ಟಿಗಿತ್ತಿ.

ಅತ್ತಿಗೆ ಸುಮ್ಮನೆ ಮಲಗುವವಳಲ್ಲ. ಹೂವು ಕಟ್ಟುತ್ತಿದ್ದಳು. ನೆನೆಸಿದ ಅವರೆಕಾಳಿನ ಬಟ್ಟಲನ್ನು ಎದೆಯ ಮೇಲಿಟ್ಟರೆ ಸೂರು ನೋಡುತ್ತಲೇ ಹಿಚುಕಿ ಮುಗಿಸುತ್ತಿದ್ದಳು. ಅವಳನ್ನು ಒರೆಸಿ, ಉಣಿಸಿ, ಬಟ್ಟೆ ಬದಲಾಯಿಸುತ್ತಿದ್ದವಳು ಅಮ್ಮ. ಮಂಚದ ತಲೆಯ ಕಡೆ ಅವಳ ಕೂದಲನ್ನು ಇಳಿಬಿಟ್ಟು, ನೆಲದ ಮೇಲೆ ಕೂತು ದಿನಾ ಬಾಚುತ್ತಿದ್ದಳು. ಅದೇ ಅಮ್ಮ, ವರ್ಷ ಕಳೆದ ಮೇಲೆ, ಅಡಿಗೆಮನೆಯಲ್ಲಿ ಅಣ್ಣನಿಗೆ ಇನ್ನೊಂದು ಮದುವೆಯ ಮಾತು ತೆಗೆದಳು. ಕೆಟ್ಟವಳೆಂದಲ್ಲ, ಮಗನ ಮುಂದಿನ ದಿನಗಳ ಹೆದರಿಕೆ. ಅಣ್ಣ ತಟ್ಟೆ ಸರಿಸಿ, "ಅವಳು ಮಲಗಿದ್ದಾಳೆ ಅಷ್ಟೇ ಕಣಮ್ಮ, ಹೋಗಿಲ್ಲ" ಎಂದು ಎದ್ದುಹೋದ. ಅಡಿಗೆಮನೆಗೂ ನಡುಮನೆಗೂ ನಡುವೆ ಬಾಗಿಲೇ ಇರಲಿಲ್ಲ. ಅತ್ತಿಗೆ ಎಲ್ಲ ಕೇಳಿಸಿಕೊಂಡಳು.

ಆ ಯುಗಾದಿಯ ಹೊತ್ತಿಗೆ ಪಟ್ಟು ಬಿಚ್ಚುತ್ತಾರೆಂದು ಆಸ್ಪತ್ರೆಗೆ ಕರೆದೊಯ್ದರು. ಹೊಸ ಸೀರೆ ಮಡಿಸಿಟ್ಟುಕೊಂಡು ಕಾದೆವು. ಹಳೆಯದನ್ನು ಬಿಚ್ಚಿ, ನೋಡಿ, ಇನ್ನೂ ಕೂಡಿಲ್ಲವೆಂದು ಹೊಸ ಪಟ್ಟು ಹಾಕಿ ಕಳಿಸಿದರು. ಮನೆಗೆ ಬಂದವಳು ನನ್ನನ್ನು ಕರೆದು ಮಂಚ ತಿರುಗಿಸು ಎಂದಳು. ಏಕೆಂದು ಕೇಳಿದೆ.

"ಆ ಗೋಪುರ ಕಾಣ್ಬಾರ್ದು ಪುಟ್ಟಿ. ನಂಗೆ ಅವನ ಹತ್ರ ಇನ್ನು ಮಾತಿಲ್ಲ."

ನಾನೂ ಅಣ್ಣನೂ ಮಂಚ ತಿರುಗಿಸಿದೆವು. ಅವಳ ಮುಂದೆ ಈಗ ಸುಣ್ಣದ ಗೋಡೆ. ಹೂವು ಮುಟ್ಟಲಿಲ್ಲ, ಊಟ ಅರ್ಧಕ್ಕೆ ನಿಂತಿತು, ಗಂಟೆ ಬಾರಿಸಿದರೂ ಕೈ ಮೇಲೇಳಲಿಲ್ಲ. ಹಾಗೆ ಕೆಲವು ದಿನ. ಒಂದು ಸಂಜೆ ಅಮ್ಮ ದೇವರ ಮನೆಯ ದೀಪವನ್ನು ಕೈಯಲ್ಲಿ ಹಿಡಿದು ಬಂದು, ಮಂಚದ ಪಕ್ಕದ ಗೂಡಿನಲ್ಲಿಟ್ಟು, ನೆಲದ ಮೇಲೆ ಕೂತಳು. ಉಪದೇಶ ಮಾಡುತ್ತಾಳೆಂದು ನಾನು ಕಾದೆ.

"ನಿಂಗೆ ಆಗ್ದಿದ್ರೆ ಬೇಡ ಕಣೇ," ಎಂದಳು ಅಮ್ಮ. "ನಿನ್ ಬದಲು ನಾನು ಕೇಳ್ಕೋತೀನಿ. ನೀನು ಸುಮ್ನೆ ಮಲ್ಕೊಂಡಿರು."

ಅತ್ತಿಗೆ ಅಳುವುದನ್ನು ಮೊದಲ ಸಲ ನೋಡಿದೆ. ಪಟ್ಟಿನೊಳಗೆ ಎದೆ ಅಲುಗಲಾರದು, ನೀರು ಮಾತ್ರ ಎರಡೂ ಕಿವಿಯ ಕಡೆ ಹರಿಯುತ್ತಿತ್ತು. ಅಮ್ಮ ಸೆರಗಿನಿಂದ ಒರೆಸುತ್ತ ಕೂತಳು. ಅಂದಿನಿಂದ ದಿನಾ ಸಂಜೆ ಅಮ್ಮ ಅಲ್ಲೇ ಕೂತು ಸೊಸೆಯ ಪರವಾಗಿ ಕೇಳಿಕೊಂಡಳು. ಎರಡನೆಯ ಮದುವೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅತ್ತಿಗೆ ತಾನಾಗಿ ಕೈ ಮುಗಿದದ್ದು ಯಾವತ್ತೆಂದು ನನಗೆ ತಿಳಿಯದು. ಒಂದು ದಿನ ನೋಡಿದರೆ ಮುಗಿಯುತ್ತಿದ್ದಳು. ಈಗೇನು ಕೇಳುತ್ತೀಯ ಎಂದೆ. ಮೊದಲೆಲ್ಲ ಎಬ್ಬಿಸು ಎಂದು ಹಟ ಹಿಡಿಯುತ್ತಿದ್ದಳಂತೆ. "ಈಗ ಸಂಜೆ ತನ್ಕ ಜೊತೇಲಿರು ಅಂತೀನಿ," ಎಂದಳು. "ಸಂಜೆ ಆದ್ಮೇಲೆ ಇನ್ನೊಂದ್ಸಲ ಕೇಳ್ತೀನಿ."

ಇನ್ನೊಂದು ಚಳಿಗಾಲ ಹೋಯಿತು. ಪಟ್ಟು ಬಿಚ್ಚಿದರು, ಈ ಸಲ ಮೂಳೆ ಕೂಡಿತ್ತು. ಮೊದಲು ಕೂತಳು, ತಿಂಗಳುಗಟ್ಟಲೆ ಗೋಡೆ ಹಿಡಿದು ನಿಂತಳು. ಸೊಂಟ ಕೊಂಚ ವಾಲಿಯೇ ಉಳಿಯಿತು. ಯಾರ ಆಸರೆಯೂ ಇಲ್ಲದೆ ನಡೆದ ದಿನ ಗುಡಿಗೆ ಹೊರಡೋಣವೆಂದು ನಾನು ಹಣ್ಣುಕಾಯಿ ತಂದಿಟ್ಟೆ. ಅವಳು ಗೋಡೆಯ ಗೂಡಿನಿಂದ ಎಣ್ಣೆ, ಬಾಚಣಿಗೆ ತೆಗೆದುಕೊಂಡು ನಿಧಾನವಾಗಿ ಹಿತ್ತಲಿಗೆ ನಡೆದಳು. ಪಾತ್ರೆ ತಿಕ್ಕುತ್ತಿದ್ದ ಅಮ್ಮನನ್ನು ಎಬ್ಬಿಸಿ ಮೆಟ್ಟಿಲ ಮೇಲೆ ಕೂರಿಸಿ, ಹಿಂದೆ ನಿಂತು ತಲೆ ಬಾಚತೊಡಗಿದಳು. ಅಮ್ಮ ಬೇಡವೆಂದಳು, ಗುಡಿಗೆ ಹೊತ್ತಾಗುತ್ತದೆ ಎಂದಳು.

"ನಾನು ಎರಡು ವರ್ಷ ಕಾದಿಲ್ವಾ ಅತ್ತೆ? ಅವನೂ ಒಂದಿನ ಕಾಯ್ಲಿ."

ಅಮ್ಮ ನಕ್ಕಳು, ತಲೆಯನ್ನು ಹಿಂದಕ್ಕೆ ಕೊಟ್ಟು ಕೂತಳು.

ಅವರಿಬ್ಬರೂ ಈಗಿಲ್ಲ. ನನ್ನ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಇನ್ನೂ ಕಾಯಬೇಕು ಎನ್ನುತ್ತಿದ್ದಾರೆ. ದೇವರ ಮುಂದೆ ಕೂರುವಾಗ ಪಕ್ಕದಲ್ಲಿ ಯಾರಿದ್ದರೂ ನನಗೆ ಸಂಕೋಚ, ಒಬ್ಬಳೇ ಕೂತು ಒಬ್ಬಳೇ ಎದ್ದು ಅಭ್ಯಾಸ. ಇವತ್ತು ಮಾತ್ರ ಸೊಸೆಯನ್ನು ಕೂಗಿ, ನನ್ನ ಪರವಾಗಿ ಸ್ವಲ್ಪ ಕೇಳಿಕೋ ಎಂದೆ. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು.