ಕಣ್ಣಾರೆ ಕಂಡು, ಕೈಯಾರೆ ನ್ಯಾಯ

ಕಾರ್ಬನ್ ಹಾಳೆಯ ವಾಸನೆ ಬಂದರೆ ನನ್ನ ಮುಷ್ಟಿ ಈಗಲೂ ತಾನಾಗಿ ಬಿಗಿಯುತ್ತದೆ. ಹೋದ ದಸರೆಗೆ ಟ್ರಂಕು ಝಾಡಿಸುವಾಗ ತಳದ ಫೈಲಿನಿಂದ ಆ ವಾಸನೆ ಎದ್ದಿತು. ಒಳಗೆ ಒಂದೇ ಹಾಳೆ: ನನ್ನ ಮೇಲೆ ಬಂದ ಮೂಗರ್ಜಿಯ, ಟೈಪ್ ಮಾಡಿದ ನೀಲಿ ನಕಲು. ಇಪ್ಪತ್ತಾರು ವರ್ಷ ಅದನ್ನು ಮಡಿಕೆ ಕೆಡದಂತೆ ಇಟ್ಟಿದ್ದೆ. ವೈರವನ್ನೂ ನಾನು ಅಚ್ಚುಕಟ್ಟಾಗಿಯೇ ಇಟ್ಟುಕೊಳ್ಳುವವನು.

ಆಗ ನಾನು ಬ್ಯಾಡಗಿಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರ. ಬೆಳಗಿನ ಐದೂವರೆಗೆ ಸೀಟಿ, ಐದು ಮುಕ್ಕಾಲಿಗೆ ಹುಡುಗಿಯರ ಖೋಖೋ ತಂಡ ಮೈದಾನದಲ್ಲಿ. ಮೂರು ವರ್ಷ ಬೆಳೆಸಿದ ತಂಡ ಅದು. ಜಿಲ್ಲಾ ಪಂದ್ಯಕ್ಕೆ ಹನ್ನೆರಡು ದಿನ ಇರುವಾಗ ಮೇಲಿನ ಕಚೇರಿಗೆ ಮೂಗರ್ಜಿ ಹೋಯಿತು. ಈ ಮಾಸ್ತರ ಜ್ವರ ಬಂದ ಮಕ್ಕಳನ್ನೂ ಓಡಿಸುತ್ತಾನೆ, ಬಿದ್ದವರನ್ನು ಎತ್ತುವುದಿಲ್ಲ... ಸಹಿ ಇರಲಿಲ್ಲ. ಕೊನೆಯ ವಾಕ್ಯ ಮಾತ್ರ ಠೀವಿಯಿಂದ ನಿಂತಿತ್ತು: ‘ತಾವು ಕಣ್ಣಾರೆ ಕಂಡು ಕೈಯಾರೆ ನ್ಯಾಯ ಕೊಡಬೇಕು.’ ವಾರದೊಳಗೆ ನನ್ನನ್ನು ಕುಪ್ಪೇಲೂರಿಗೆ ಎತ್ತಿಹಾಕಿದರು.

ಅಂಥ ವಾಕ್ಯ ಬರೆಯಬಲ್ಲವರು ನಮ್ಮ ಶಾಲೆಯಲ್ಲಿ ಒಬ್ಬರೇ, ಕನ್ನಡ ಮಾಸ್ತರು. ಮಧ್ಯಾಹ್ನ ನನ್ನ ಪಕ್ಕದಲ್ಲೇ ಬುತ್ತಿ ಬಿಚ್ಚುತ್ತಿದ್ದವರು. ಕೇಳದೆಯೇ ನನ್ನ ಡಬ್ಬಿಗೆ ಶೇಂಗಾ ಚಟ್ನಿ ಹಾಕಿ, “ಡ್ರಿಲ್ ಮಾಸ್ತರಾ, ಆ ಹುಡುಗ್ಯಾರಿಗೆ ಐತವಾರಾದ್ರೂ ನಿದ್ದಿ ಮಾಡಾಕ ಬಿಡೋ ಮಾರಾಯಾ” ಎಂದು ನಗುತ್ತಿದ್ದರು. ಆಮೇಲೆ ಆ ನಗೆಯೂ ನನಗೆ ಸಾಕ್ಷಿಯಾಯಿತು. ಮೂಗರ್ಜಿಗೆ ಒಂದು ತಿಂಗಳ ಮುಂಚೆ, ಶಾಲೆಗೆ ನೀರಿನ ನಳ ಬೇಕೆಂದು ಅವರು ಕೊಟ್ಟ ಅರ್ಜಿಯನ್ನು ನಾನು ಓದಿದ್ದೆ. ಅದರ ಕೊನೆಯಲ್ಲೂ ಅದೇ ವಾಕ್ಯ. ಇನ್ನೇನು ಬೇಕು? ನಾನು ಹೋದ ಮೇಲೆ ತಂಡವನ್ನು ಹಾವೇರಿಗೆ ಕರೆದೊಯ್ದವರೂ ಅವರೇ. ಸೀಟಿ ಊದಲು ಬಾರದ ಮನುಷ್ಯ! ಮೊದಲ ಸುತ್ತಿನಲ್ಲೇ ಸೋತು ಬಂದರು.

ಅಂದಿನಿಂದ ಮಾತು ಬಿಟ್ಟೆ. ಅವರೇ ಬಸ್ಸು ಹಿಡಿದು ಕುಪ್ಪೇಲೂರಿಗೆ ಬಂದರು. ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. ಮಗಳ ಮದುವೆಯ ಕಾರ್ಡು ಕಳಿಸಿದರು, ಒಡೆಯದೆ ಹಿಂತಿರುಗಿಸಿದೆ. ಒಮ್ಮೆ ರಾಣೆಬೆನ್ನೂರಿನಲ್ಲಿ ಹಾವೇರಿ ಬಸ್ಸು ಹತ್ತಿದರೆ ಕಿಟಕಿಯ ಬಳಿ ಅವರು, ಪಕ್ಕದ ಸೀಟಿನ ಮೇಲೆ ಅವರ ಟವೆಲ್ಲು.

“ಬಾರೋ, ನೀ ಬರೂದು ಕಂಡು ಜಾಗಾ ಹಿಡದೇನಿ.”

“ನನ್ನ ಜಾಗಾ ನೀವು ಆವಾಗನ ಹಿಡದೀರಲ್ಲ” ಎಂದೆ.

ಹಾವೇರಿಯವರೆಗೆ ನಿಂತೇ ಹೋದೆ. ಇಬ್ಬರು ಮೂವರು ಕೇಳಿದರೂ ಅವರು ಆ ಟವೆಲ್ಲು ತೆಗೆಯಲಿಲ್ಲ...

ಎರಡು ವರ್ಷದ ಹಿಂದೆ ತೀರಿಕೊಂಡರು. ನಾನು ಮಣ್ಣಿಗೆ ಹೋಗಲಿಲ್ಲ.

ಟ್ರಂಕು ತೆಗೆದ ವಾರವೇ ಹಳೆಯ ವಿದ್ಯಾರ್ಥಿಯೊಬ್ಬನ ಫೋನು. ಅವನೂ ಅವನ ಜೊತೆಯವರೂ ಸೇರಿ ಕನ್ನಡ ಮಾಸ್ತರರ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದರು. “ಸರ್, ನೀವು ಅವರ ಖಾಸಾ ದೋಸ್ತರಿದ್ರಲ್ರಿ, ನಾಕು ಪುಟ ಬರೀರಿ.” ಖುಷಿಯಿಂದ ಒಪ್ಪಿದೆ. ಸತ್ತವರ ಮೇಲೆ ಸೇಡು ತೀರಿಸಿಕೊಳ್ಳಲು ಅವರದೇ ಸಂಚಿಕೆಗಿಂತ ಒಳ್ಳೆಯ ಜಾಗ ಯಾವುದು? ನಾಲ್ಕು ಪುಟ ಒಂದೇ ಓಟಕ್ಕೆ ಬರೆದಿಟ್ಟೆ. ಪುರಾವೆ ಜೋಡಿಸುವುದು ಮಾತ್ರ ಬಾಕಿ. ಸಂಚಿಕೆಗೆಂದು ಆ ಹುಡುಗರು ಶಾಲೆಯ ಹಳೆಯ ಅರ್ಜಿಗಳ ಫೈಲುಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದ್ದರು, ನಾಲ್ಕು ನೂರಕ್ಕೂ ಮೇಲೆ ಹಾಳೆ. ಆ ವಾಕ್ಯ ಕನ್ನಡ ಮಾಸ್ತರರ ಕೈಯಿಂದ ಎಷ್ಟು ಸಲ ಬಂದಿದೆ ಎಂದು ನಾನು ಎಲ್ಲರಿಗೂ ತೋರಿಸಬೇಕಿತ್ತು.

ಸೊಸೆ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಹಾಳೆಗಳ ಚಿತ್ರವನ್ನು ಅಕ್ಷರಕ್ಕೆ ಇಳಿಸಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರಹಗಳನ್ನು ಜಾಲಾಡುವ ಒಂದು ಟೂಲ್‌ಕಿಟ್ ಹಾಕಿಕೊಟ್ಟಳು. ಉಳಿದದ್ದನ್ನು ನೋಟುಬುಕ್ಕು ಇಟ್ಟು ನಾನೇ ಕಲಿತೆ. ದಿನಾ ಐದೂವರೆಯಿಂದ ಆರೂವರೆ, ಎರಡು ತಿಂಗಳು, ಒಂದು ದಿನವೂ ತಪ್ಪಿಸದೆ.

“ಮಾವಾರ, ಇಷ್ಟು ಶ್ರದ್ಧಾದಿಂದ ಕಲಿಯಾವ್ರು ನನ್ನ ಕ್ಲಾಸಿನ್ಯಾಗ ಒಬ್ಬರೂ ಇಲ್ರಿ.”

“ಅವರಿಗೆ ಯಾರ ಮ್ಯಾಲೂ ಸಿಟ್ಟಿಲ್ಲವ್ವಾ, ಅದಕ್ಕ.”

ವಾಕ್ಯವನ್ನು ಹಾಕಿ ಹುಡುಕಿದೆ. ಉತ್ತರ ಸೊನ್ನೆ. ನಳದ ಅರ್ಜಿ ಕೂಡ ಸಿಗಲಿಲ್ಲ. ತಲೆ ಕೆಟ್ಟುಹೋಯಿತು.

“ನಿನ್ನ ಮಷೀನೂ ಅವರ ಕಡೇನ ಐತಿ ನೋಡು!”

ಸೊಸೆ ಬಂದು ಬಗ್ಗಿ ನೋಡಿದಳು. “ಟೈಪ್ ಮಾಡಿದ ಸಾಲು ನಡಬರಕ ಮುರದೈತ್ರಿ. ‘ಕಣ್ಣಾರೆ ಕಂಡು’ ಮ್ಯಾಲಿನ ಸಾಲಿನ್ಯಾಗ, ‘ಕೈಯಾರೆ’ ಕೆಳಗ. ಇದಕ್ಕ ಅವೆರಡೂ ಬ್ಯಾರೆ ಬ್ಯಾರೆ. ಮೊದಲ ಪದಾ ಎಲ್ಲಾ ಬಿಡಿಸಿ ಒಂದ ಸಾಲಿಗೆ ನಿಂದರಸ್ರಿ. ಸಾಲು ನಿಂದರಸೂದು ನಿಮಗ ಹೇಳಿಕೊಡಬೇಕೇನ್ರಿ?”

ಪದಗಳನ್ನು ಒಂದೇ ಸಾಲಿಗೆ ನಿಲ್ಲಿಸಿ ಮತ್ತೆ ಕೇಳಿದೆ. ಪರದೆಯ ನಡುವೆ ಆ ವಾಕ್ಯ, ಅದರ ಎಡಕ್ಕೂ ಬಲಕ್ಕೂ ಅಕ್ಕಪಕ್ಕದ ನಾಲ್ಕಾರು ಪದ. ಒಂದರ ಕೆಳಗೊಂದು ಮೂವತ್ತೊಂದು ಸಾಲು. ಸಿಕ್ಕಿಬಿದ್ದಿರಿ ಮಾಸ್ತರ್ರೇ, ಎಂದುಕೊಂಡು ಒಂದೊಂದೇ ಹಾಳೆ ತೆಗೆದೆ. ಮೊದಲನೆಯದು ಜವಾನನದು, ಮನೆ ಸೋರುತ್ತದೆಂಬ ಅರ್ಜಿ. ಎರಡನೆಯದು ಮಗಳಿಗೆ ಟಿ.ಸಿ. ಕೇಳಿದ ತಾಯಿಯೊಬ್ಬಳದು. ಮೂರನೆಯದು ನೀರಿನ ನಳ. ಒಂಬತ್ತನೆಯದು ಖೋಖೋ ಆಟಕ್ಕೆ ಹೊಸ ಕಂಬ ಬೇಕೆಂಬ ಅರ್ಜಿ. ಕೆಳಗೆ ನನ್ನ ಸಹಿ.

ಆಗ ನೆನಪಾಯಿತು. ತಹಶೀಲ್ದಾರ ಕಚೇರಿಯ ಎದುರು, ಬೇವಿನ ಮರದ ಕೆಳಗೆ, ಒಬ್ಬ ಟೈಪಿಸ್ಟ್ ಕೂಡುತ್ತಿದ್ದ. ಊರಿನ ಅರ್ಜಿಗಳೆಲ್ಲ ಅವನ ಮಷೀನಿನವು. ವಿಷಯ ನಮ್ಮದು, ಕೊನೆಯ ವಾಕ್ಯ ಅವನದು, ಎಲ್ಲರಿಗೂ ಅದೇ. ನಾನು ಗಡಿಯಾರ ನೋಡುತ್ತ, ಕೊನೆಯವರೆಗೆ ಓದದೆ ಸಹಿ ಹಾಕಿ ಓಡಿದ್ದೆ.

ಇಷ್ಟರಿಂದ ಮೂಗರ್ಜಿ ಕನ್ನಡ ಮಾಸ್ತರರದಲ್ಲ ಎಂದು ಸಿದ್ಧವಾಗುವುದಿಲ್ಲ. ಮರುದಿನ ಆ ಮೂವತ್ತೊಂದು ಸಾಲಿನ ಕಾಗದ ಹಿಡಿದು ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಗದವನ್ನು ನೋಡಲೇ ಇಲ್ಲ.

“ನೀವು ಸಂಶೇ ಪಟ್ಟೀರಿ ಅಂತ ಅವರಿಗೆ ಗೊತ್ತಿತ್ರಿ. ಹೋಗಿ ನಾ ಅಲ್ಲ ಅಂತ ಹೇಳಿ ಬರ್ರಿ ಅಂದ್ರ, ಅಂವ ಬಾಯಿಬಿಟ್ಟು ಒಮ್ಮೆ ಕೇಳಲಿ, ಹೇಳತೇನಿ, ಅಂತಿದ್ರು.” ಕಾಗದವನ್ನು ಹಾಗೇ ನನ್ನ ಕಡೆ ಸರಿಸಿದರು. “ಆ ಹುಡುಗ್ಯಾರನ್ನ ಹಾವೇರಿಗೆ ಕರಕೊಂಡು ಹೋಗಾಕ ಯಾರೂ ಒಪ್ಪಲಿಲ್ಲ. ನಿಮ್ಮ ಮೂರು ವರ್ಷದ ಕಷ್ಟಾ ನೀರಾಗ ಹೋಗಬಾರದು ಅಂತ ಇವರ ಹೋದ್ರು. ನಿಮ್ಮ ಸೀಟಿ ಕೊಳ್ಳಾಗ ಹಾಕ್ಕೊಂಡು.”

ಬರೆದಿಟ್ಟಿದ್ದ ನಾಲ್ಕು ಪುಟ ಹರಿದುಹಾಕಿದೆ. ಸಂಚಿಕೆಗೆ ಕಳಿಸುತ್ತಿರುವುದು ಇದನ್ನು. ಮೂಗರ್ಜಿ ಬರೆಸಿದವನು ಯಾರೋ ಇಂದಿಗೂ ಗೊತ್ತಿಲ್ಲ. ಬದುಕಿದ್ದು ಇದನ್ನು ಓದಿದರೆ ತಿಳಿದುಕೊಳ್ಳಲಿ: ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅವನು ನನ್ನ ತಂಡವನ್ನು ಕಸಿದ. ಕನ್ನಡ ಮಾಸ್ತರರನ್ನು ಕಳೆದುಕೊಂಡದ್ದು ಮಾತ್ರ ನನ್ನ ಸ್ವಂತ ಕೆಲಸ.

ತಿಂಗಳಿಗೊಮ್ಮೆ ಈಗಲೂ ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುತ್ತೇನೆ, ಮುಂಜಾನೆಯ ಮೊದಲ ಬಸ್ಸಿಗೆ. ಆ ಹೊತ್ತಿನಲ್ಲಿ ಬೇಕಾದಷ್ಟು ಸೀಟುಗಳು ಖಾಲಿ ಇರುತ್ತವೆ. ಯಾವುದರ ಮೇಲೂ ಟವೆಲ್ಲು ಇರುವುದಿಲ್ಲ...