ದಿವೇಆಗರದ ಉಡಿ

ಪುಣೆಯ ಹಡಪಸರದ ಕನ್ನಡದ ಹೆಂಗಸರು ಅದನ್ನು ಟೂರ್ ಎನ್ನುವುದಿಲ್ಲ, ಈರಬಸಪ್ಪನ ಟ್ರಿಪ್ ಎನ್ನುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ನಸುಕಿನಲ್ಲಿ ಬಸ್ಸು ಹೊರಡುತ್ತದೆ. ತಾಮ್ಹಿಣಿ ಘಾಟು ಇಳಿದು, ಮಾಣಗಾವ ದಾಟಿ, ದಿವೇಆಗರದ ಸಮುದ್ರ ಮುಟ್ಟುತ್ತದೆ. ಗಂಡಸರಿಗೆ ಸೀಟಿಲ್ಲ. ಅಂಗಡಿ, ಆಫೀಸು ಎಂದು ಅವರಿಗೆ ಪುರಸೊತ್ತೂ ಇಲ್ಲ, ಇದ್ದಿದ್ದರೂ ಯಾರೂ ಕರೆಯುತ್ತಿರಲಿಲ್ಲ.

ಈರಬಸಪ್ಪ ಇಂಡಿ ಕಡೆಯವನು, ಮಾರ್ಕೆಟ್ ಯಾರ್ಡಿನ ಕಾಳಿನ ಅಂಗಡಿಯಲ್ಲಿ ಗುಮಾಸ್ತ. ಅವನ ಹೆಂಡತಿ ಸಾವಂತ್ರವ್ವನ ತವರಿನಲ್ಲಿ ಅಣ್ಣತಮ್ಮಂದಿರು ಜಗಳಾಡಿ ಬೇರೆಯಾದರು. ಯಾರ ಮನೆಯಲ್ಲಿ ಇಳಿದುಕೊಂಡರೆ ಯಾರಿಗೆ ಸಿಟ್ಟೋ ಎಂದು ಅವಳು ಹೋಗುವುದನ್ನೇ ಬಿಟ್ಟಳು. ಮಂಕಾಗಿ ಕೂತ ಹೆಂಡತಿಯನ್ನು ನೋಡಲಾರದೆ ಒಂದು ದಿನ ಅವನು, "ನಡಿ, ನಿನಗ ಸಮುದ್ರ ತೋರಸ್ತೀನಿ" ಎಂದ. ಓಣಿಯ ಹೆಂಗಸರಿಗೆ ಸುದ್ದಿ ಹೋಗಿ, ನಾವೂ ಬರ್ತೀವಿ ಎಂದು ಗಂಟುಬಿದ್ದರು. ಟ್ರಿಪ್ ಶುರುವಾದದ್ದು ಹಾಗೆ.

ಅವನಂಥ ಗೈಡನ್ನು ಬೇರೆ ಯಾರಾದರೂ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ನೀರು ಮೊಳಕಾಲು ದಾಟಿದರೆ ಎದೆ ಡವಡವ ಎನ್ನುವ ಮನುಷ್ಯ, ಕೊರಳಿಗೊಂದು ಸೀಟಿ ಕಟ್ಟಿಕೊಂಡು ದಂಡೆಯ ಮೇಲೆ ನಿಂತು ಎಲ್ಲರನ್ನೂ ಕಾಯುತ್ತಿದ್ದ. ದೋಣಿಯಲ್ಲಿ ಜಂಜೀರಾ ಕೋಟೆಗೆ ಕರೆದೊಯ್ದು, ಅದನ್ನು ಕಟ್ಟಿಸಿದ ರಾಜನ ಹೆಸರನ್ನು ವರ್ಷಕ್ಕೊಂದು ಹೇಳುತ್ತಿದ್ದ. ಕುದುರೆ ಗಾಡಿಯವನೊಂದಿಗೆ ಮರಾಠಿಯಲ್ಲಿ ಚೌಕಾಸಿ ಶುರುಮಾಡಿ, ಸಿಟ್ಟು ನೆತ್ತಿಗೇರಿದರೆ ಕನ್ನಡಕ್ಕಿಳಿಯುತ್ತಿದ್ದ. ಹರಿಹರೇಶ್ವರದಲ್ಲಿ ತೆರೆಗಳು ಕೊರೆದ ಬಂಡೆಗಳ ಮೇಲೆ ಪ್ರದಕ್ಷಿಣೆ ಹಾಕುವಾಗ ಮಾತ್ರ ಸಾವಂತ್ರವ್ವನ ಕೈಯನ್ನು ಗಟ್ಟಿಯಾಗಿ ಹಿಡಿದಿರುತ್ತಿದ್ದ. ಅವಳು ಜಾರಬಾರದೆಂದು ಹಿಡಿದಿದ್ದಾನೆ ಎಂದು ಹೆಂಗಸರು ನಗುತ್ತಿದ್ದರು. ಹೆದರಿಕೆ ಯಾರದೆಂದು ಅವಳೊಬ್ಬಳಿಗೆ ಗೊತ್ತಿತ್ತು.

ಮಧ್ಯಾಹ್ನ ಊರೆಲ್ಲ ಮೀನು ಹುರಿಯುವ ವಾಸನೆ. ಇವರು ದಂಡೆಯ ಸುರು ಗಿಡಗಳ, ಅಂದರೆ ಗಾಳಿಮರಗಳ ನೆರಳಲ್ಲಿ ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯ ಗಂಟು ಬಿಚ್ಚುತ್ತಿದ್ದರು. ಚಟ್ನಿಯಲ್ಲಿ ಸ್ವಲ್ಪ ಉಸುಕು ಸೇರಿರುತ್ತಿತ್ತು. ಆ ರುಚಿ ಮನೆಯಲ್ಲಿ ಎಷ್ಟು ಕುಟ್ಟಿದರೂ ಬರುತ್ತಿರಲಿಲ್ಲ.

ಮರಳುವ ದಿನ, ಬಸ್ಸು ಹತ್ತುವ ಮುಂಚೆ, ಸಾವಂತ್ರವ್ವ ದಂಡೆಯ ಮೇಲೆ ಕೂತು ಒಬ್ಬೊಬ್ಬರಿಗೂ ಉಡಿ ತುಂಬುತ್ತಿದ್ದಳು. ತವರಿನಿಂದ ಹೊರಟ ಮಗಳ ಸೆರಗಿಗೆ ತಾಯಿ ಹಾಕುವ ಹಾಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಕುಬಸದ ಖಣ. ತನಗಿಲ್ಲದ ತವರನ್ನು ಅವಳು ಬಸ್ಸಿನ ತುಂಬ ಹಂಚುತ್ತಿದ್ದಳು. ಕೊನೆಗೆ ಅವಳದೊಂದು ಉಳಿಯುತ್ತಿತ್ತು. ಆಗ ಈರಬಸಪ್ಪ ಸೀಟಿ ಊದಿ ಎಲ್ಲರನ್ನೂ ಸುಮ್ಮನಾಗಿಸಿ, ಉಸುಕಿನಿಂದ ಒಂದು ಕಪ್ಪೆಚಿಪ್ಪು ಆರಿಸಿ, ಅವಳ ಸೆರಗಿಗೆ ಮೊದಲು ಅದನ್ನು ಹಾಕಿ, ಆಮೇಲೆ ಅಕ್ಕಿ ಹಾಕುತ್ತಿದ್ದ. ಗಂಡಸು ಉಡಿ ತುಂಬುವುದು ಯಾವ ಊರ ಪದ್ಧತಿ ಎಂದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೋದ ಶ್ರಾವಣದಲ್ಲಿ ಈರಬಸಪ್ಪ ತೀರಿಕೊಂಡ. ಈ ವರ್ಷ ಅಪ್ಪನ ಸೀಟಿಯನ್ನು ಮಗ ಮಾಂತು ಕೊರಳಿಗೆ ಹಾಕಿಕೊಂಡ. ಬಸ್ಸು ಹೊರಟಿತು, ಸಾವಂತ್ರವ್ವನೂ ಹೊರಟಳು. ಆದರೆ ಉಡಿ ತುಂಬುವುದು ಮುತ್ತೈದೆಯರ ಕೆಲಸ. ನೀವು ತುಂಬಬೇಡಿ ಎಂದು ಯಾರೂ ಅಂದಿರಲಿಲ್ಲ, ನೀವೇ ತುಂಬಿ ಎಂದೂ ಅಂದಿರಲಿಲ್ಲ. ಆ ಎರಡನೆಯದು ಅವಳನ್ನು ಘಾಟಿನುದ್ದಕ್ಕೂ ಚುಚ್ಚಿತು. ಉಡಿ ತುಂಬದಿದ್ದರೆ ಈ ಬಸ್ಸಿನಲ್ಲಿ ತಾನು ಯಾರು?

ಎರಡು ದಿನ ಎಲ್ಲವೂ ನಡೆಯಿತು. ಮಾಂತು ಹೊಸದಾಗಿ ಬನಾನಾ ಬೋಟ್ ಸೇರಿಸಿದ್ದ. ಸೀರೆಯ ಮೇಲೆ ಲೈಫ್ ಜಾಕೆಟ್ ಬಿಗಿದುಕೊಂಡ ಹೆಂಗಸರು ಯವ್ವಾ ಎಂದು ಕೂಗುತ್ತ ನೀರಿಗೆ ಬಿದ್ದೆದ್ದು ಬಂದರು. ಸಾವಂತ್ರವ್ವ ದಂಡೆಯ ಮೇಲೆ ಎಲ್ಲರ ಚಪ್ಪಲಿ ಕಾಯುತ್ತ ಕೂತಿದ್ದಳು. ಗಂಡನಿದ್ದಿದ್ದರೆ ಈ ಬೋಟಿಗೆ ಎಷ್ಟು ಬೈಯುತ್ತಿದ್ದನೆಂದು ನೆನೆದು ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು.

ಹೊರಡುವ ಹೊತ್ತಿಗೆ ಅವಳು ಉಡಿಯ ಚೀಲವನ್ನು ನೀತಾಳ ಕೈಗೆ ಕೊಟ್ಟಳು. ನೀತಾ ಕಿರಾಣಿ ಅಂಗಡಿಯವರ ಸೊಸೆ, ಮದುವೆಯಾದ ವರ್ಷದಿಂದ ತಪ್ಪದೆ ಬರುತ್ತಿದ್ದವಳು. ಅವಳ ಬಾಯಲ್ಲಿ ಈರಬಸಪ್ಪ ಕಾಕಾ, ಸಾವಂತ್ರವ್ವ ಕಾಕು.

"ಈ ಸಲ ನೀನ ತುಂಬವ್ವಾ."

ನೀತಾ ಎಲ್ಲರಿಗೂ ತುಂಬಿದಳು. ಮುಗಿದ ಮೇಲೆ, ಬಸ್ಸಿನ ಬಳಿ ನಿಂತಿದ್ದ ಸಾವಂತ್ರವ್ವನ ಮುಂದೆ ಚೀಲ ಹಿಡಿದುಕೊಂಡು ಬಂದಳು.

"ಕಾಕು, ನಂದು ಉಳೀತಲ್ರಿ. ನನಗ ನಾ ಹ್ಯಾಂಗ ತುಂಬಕೊಳ್ಳಲಿ?"

"ಬ್ಯಾರೆ ಯಾರರ ತುಂಬತಾರ ತಗೋ."

"ಇಲ್ಲಿ ಬ್ಯಾರೆಯವರ ಕೈಲೆ ನಾ ಎಂದೂ ತುಂಬಿಸಿಕೊಂಡಿಲ್ರಿ."

"ಕಾಕಾ ಹೋದ್ರಲ್ಲ ನೀತಾ. ನಾ ತುಂಬಿದ್ರ ನಡೀತದೇನು?"

"ಕಾಕಾ ಹೋದ್ರು ಖರೆ. ನೀವು ಇದ್ದೀರಲ್ರಿ." ನೀತಾ ಅಲ್ಲಿಯೇ ಸೆರಗೊಡ್ಡಿ ನಿಂತಳು.

ಸಾವಂತ್ರವ್ವ ಬೊಗಸೆಯಲ್ಲಿ ಅಕ್ಕಿ ತೆಗೆದು ಸೆರಗಿಗೆ ಹಾಕಿದಳು. ಅರ್ಧ ಅಕ್ಕಿ ಉಸುಕಿಗೆ ಬಿತ್ತು. ಅದನ್ನು ಕಂಡು, ಆಗಲೇ ತುಂಬಿಸಿಕೊಂಡಿದ್ದ ಹಲವರು ನನಗೂ ಒಂದು ಹಿಡಿ ಎಂದು ಮತ್ತೆ ಬಂದರು. ಒಬ್ಬಿಬ್ಬರು ಮುಖ ತಿರುಗಿಸಿ ಸಮುದ್ರ ನೋಡುತ್ತ ನಿಂತರು. ಇರಲಿ, ಅದನ್ನು ನೋಡಲೆಂದೇ ಬಂದಿದ್ದರಲ್ಲ.

ಚೀಲದ ತಳದಲ್ಲಿ ಇನ್ನೊಂದು ಖಣ, ಇನ್ನೊಂದು ಕೊಬ್ಬರಿ ಬಟ್ಟಲು ಉಳಿದಿತ್ತು. ರೂಢಿಯ ಕೈ ತನ್ನದನ್ನೂ ಕಟ್ಟಿಕೊಂಡು ಬಂದಿತ್ತೆಂದು ಸಾವಂತ್ರವ್ವನಿಗೆ ಆಗಲೇ ತಿಳಿದದ್ದು. ಅವಳು ಚೀಲದ ಬಾಯಿ ಕಟ್ಟಲು ಹೋದಳು. ನೀತಾ ಅದನ್ನು ಮೆಲ್ಲಗೆ ಇಸಿದುಕೊಂಡು, ನೀರಿನಂಚಿಗೆ ಹೋಗಿ ಬಗ್ಗಿ, ಏನೋ ಹೆಕ್ಕಿಕೊಂಡು ಬಂದಳು. ದೂರದಲ್ಲಿದ್ದ ಮಾಂತುವಿಗೂ ಅದೇನೆಂದು ಗೊತ್ತಾಯಿತು, ಅವನು ಸೀಟಿ ಊದಿದ. ಹೆಂಗಸರು ಸುಮ್ಮನಾದರು.

"ಸೆರಗ ಹಿಡೀರಿ ಕಾಕು."

ಸಾವಂತ್ರವ್ವ ಸೆರಗೊಡ್ಡಿದಳು. ನೀತಾ ಮೊದಲು ಕಪ್ಪೆಚಿಪ್ಪು ಹಾಕಿದಳು, ಆಮೇಲೆ ಅಕ್ಕಿ.