ಮೂರನೆಯ ದಿನದ ಹಾಲು

ಹುಣಸೂರಿನ ಒಂದು ಪುಟ್ಟ ಚರ್ಚಿನ ಅಂಗಳ ಗುಡಿಸುವ ಸುಂದ್ರಮ್ಮನಿಗೆ ಪ್ರಸಂಗ ಕೇಳುವ ಚಟವೇನೂ ಇರಲಿಲ್ಲ. ಒಳಗೆ ಪಾಸ್ಟರ್ ಕನಕರಾಜು ಗಂಟಲು ಹರಿದುಕೊಳ್ಳಲಿ, ಹೊರಗೆ ಅವಳ ಪೊರಕೆ ತನ್ನ ಪಾಡಿಗೆ ಆಡುತ್ತಿತ್ತು. ಈ ವರ್ಷದ ಈಸ್ಟರ್ ಬೆಳಗ್ಗೆ ಮಾತ್ರ, ಹೊಳೆ ಕಡೆಯಿಂದ ತೆಳುಮಂಜು ಎದ್ದು ಗೋರಿಗಳೆಲ್ಲ ತೇಲಿದಂತೆ ಕಾಣುವ ಹೊತ್ತಿನಲ್ಲಿ, ಕಿಟಕಿಯಿಂದ ಬಂದ ಮಾತಿಗೆ ಪೊರಕೆ ನಿಂತೇಹೋಯಿತು.

ಯೇಸು ಸತ್ತ ಮೂರನೆಯ ದಿನ, ನಸುಕಿನಲ್ಲಿ, ಹೆಂಗಸರು ಸುಗಂಧದ್ರವ್ಯ ಹಿಡಿದು ಸಮಾಧಿಗೆ ಹೋದರಂತೆ. ಮುಚ್ಚಿದ್ದ ಕಲ್ಲು ಸರಿದಿತ್ತಂತೆ. ಒಳಗೆ ಯಾರೂ ಇರಲಿಲ್ಲವಂತೆ.

ಅಯ್ಯೋ ಶಿವನೇ, ಮೂರನೆಯ ದಿನವೆಂದರೆ ಹಾಲು-ತುಪ್ಪದ ದಿನವಲ್ಲವೇ? ಅಂದು ಹೂತ ಗುಡ್ಡೆಯ ಮೇಲೆ ಹಾಲು ತುಪ್ಪ ಎರೆಯದಿದ್ದರೆ ಸುಂದ್ರಮ್ಮನ ಕಡೆಯವರಿಗೆ ಸಾವು ಮುಗಿಯುವುದೇ ಇಲ್ಲ. ಏಳು ವರ್ಷದ ಹಿಂದೆ ಲಕ್ಷ್ಮಣತೀರ್ಥದ ನೆರೆ ಅವಳ ಗಂಡ ಕಂಠಪ್ಪನನ್ನು ಕೊಚ್ಚಿಕೊಂಡು ಹೋಗಿತ್ತು. ಹೆಣ ಸಿಗಲಿಲ್ಲ. ಮೂರನೆಯ ದಿನ ಅವಳು ಹಾಲು ಕಾಸಿಕೊಂಡು ಹೊರಟರೆ ಮೈದುನ ಬಾಗಿಲಲ್ಲೇ ತಡೆದಿದ್ದ. "ಗುಂಡಿನೇ ಇಲ್ಲ, ಯಾವ ಮಣ್ಗೆ ಉಯ್ತೀಯ ಅತ್ಗೆ?" ಹಾಲು ಚೆಂಬಿನಲ್ಲೇ ಒಡೆಯಿತು. ಅಂದಿನಿಂದ ಅವಳು ಅತ್ತ ವಿಧವೆಯೂ ಅಲ್ಲ, ಇತ್ತ ಮುತ್ತೈದೆಯೂ ಅಲ್ಲ. ಕನಸಿಗೆ ಕಂಠಪ್ಪ ಒದ್ದೆ ಪಂಚೆಯಲ್ಲಿ ಬಂದು ಹೊಸ್ತಿಲಾಚೆ ನಿಲ್ಲುತ್ತಾನೆ. ಬಾ ಎಂದರೆ ಬರುವುದಿಲ್ಲ, ಹೋಗು ಎಂದರೆ ಹೋಗುವುದೂ ಇಲ್ಲ.

ಆರಾಧನೆ ಮುಗಿದದ್ದೇ ಪಾಸ್ಟರರ ಎದುರು ನಿಂತಳು.

"ಆ ಎಂಗುಸ್ರು ಕೈಲಿ ಇಡ್ಕಂಡು ಓಗಿದ್ದನ್ನ ಆಮೇಲೇನ್ ಮಾಡುದ್ರು ಸ್ವಾಮಿ?"

ಪಾಸ್ಟರ್ ಕೈಲಿದ್ದ ಬೈಬಲಿನ ಹಾಳೆ ಮಗುಚಿ ನೋಡಿದರು. "ಅದನ್ನ ಬರೆದಿಲ್ಲಮ್ಮ."

"ಬರ್ದೋರು ಗಂಡುಸ್ರಾ?"

"ಹೌದು."

"ಅಂಗಾರೆ ಸರಿ ಬುಡಿ."

ಪಾಸ್ಟರ್ ನಕ್ಕರು. ಆಮೇಲೆ ಮೆಲ್ಲಗೆ, "ಆತ ಅಲ್ಲಿರಲಿಲ್ಲ. ಆದ್ರೂ ಅವರು ಹೋಗಿದ್ದು ದಂಡವಾಗ್ಲಿಲ್ಲ ಕಣಮ್ಮ" ಎಂದರು.

ಅಷ್ಟು ಸಾಕಾಯಿತು. ಮನೆಗೆ ಹೋಗಿ ಹಾಲು ಕಾಸಿ, ತುಪ್ಪ ಬೆರೆಸಿ, ಸೇತುವೆ ಪಕ್ಕದ ಮೆಟ್ಟಿಲಿಳಿದಳು. ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ನೋಡಲಿ, ಅವರಪ್ಪನ ಮನೆ ಗಂಟೇನು ಹೋಗಬೇಕು? ಬೇಸಗೆಗೆ ಬಡವಾದ ಹೊಳೆ ಅಲುಗಾಡದಂತೆ ಮಲಗಿತ್ತು. ನೀರಿಗಿಳಿದು ಎರೆದ ಹಾಲು ಕಾಲ ಬುಡದಲ್ಲೇ ಬೆಳ್ಳಗೆ ಸುತ್ತಿ, ನಿಧಾನಕ್ಕೆ ಬಿಡಿಸಿಕೊಂಡು, ನಡುಹೊಳೆಯ ಕಡೆಗೆ ನಡೆಯಿತು. ಏಳು ವರ್ಷ ಬಾರದ ಅಳು ಈಗ ಬಂತು.

"ನೀನ್ ಬತ್ತೀಯ ಅಂತ ನಾನು ಕಾಯ್ತಾ ಕುಂತಿದ್ದೆ ಕಣಪ್ಪ," ಎಂದಳು. "ನೀನು ಒಸ್ಲಾಚೆ ಅಸ್ಕಂಡು ನಿಂತಿದ್ದೀಯ ಅಂತ ಗೊತ್ತೇ ಆಗ್ನಿಲ್ಲ. ಕುಡ್ದು ಓಗು."